ಐದು ಡಾಲರ್ ಕಿತ್ತಳೆ, ಹತ್ತು ರೂಪಾಯಿ ಪ್ಯಾಕೆಟ್

ನಿಮ್ಮಲ್ಲಿ ಕೆಲವರು ಮೆಸೇಜ್ ಮಾಡಿದ್ರಿ, ‘ಬೆಲೆ ಏರಿಕೆ, ಹಣದುಬ್ಬರ ಅಂತ ತುಂಬಾ ಮಾತಾಡ್ತೀರಿ, ಯಾವುದಾದರೂ ಒಂದೇ ವಸ್ತು ಹಿಡಕೊಂಡು ಬುಡದಿಂದ ತುದಿ ತನಕ ವಿವರಿಸಿ’ ಅಂತ. ಸರಿ. ಇವತ್ತು ಒಂದೇ ವಸ್ತು. ಆರೆಂಜ್ ಜ್ಯೂಸ್.

ನಗಬೇಡಿ. ಅಕ್ಕಿ, ಎಣ್ಣೆ, ಪೆಟ್ರೋಲ್ ಎಲ್ಲಾ ಬಿಟ್ಟು ಜ್ಯೂಸ್ ಯಾಕೆ ಅಂತ ಕೇಳಬಹುದು. ಕಾರಣ ಇದೆ. ಅಕ್ಕಿ ಬೆಲೆ ಏರಿದ್ರೂ ನಾವು ಅನ್ನ ತಿನ್ನೋದು ಬಿಡಲ್ಲ. ಪೆಟ್ರೋಲ್ ಏರಿದ್ರೂ ಗಾಡಿ ತೆಗೀಲೇಬೇಕು. ಆದರೆ ಜ್ಯೂಸ್ ಹಾಗಲ್ಲ. ಅದನ್ನ ಯಾವಾಗ ಬೇಕಾದ್ರೂ ಬಿಡಬಹುದು. ಹೀಗೆ ಬಿಡಬಹುದಾದ ವಸ್ತುವನ್ನ ನೋಡಿದಾಗಲೇ ನಮ್ಮ ಕೈ ಜೇಬಿಗೆ ಯಾಕೆ ಹೋಗುತ್ತೆ, ಯಾಕೆ ಅರ್ಧಕ್ಕೇ ನಿಲ್ಲುತ್ತೆ ಅನ್ನೋದು ಸ್ಪಷ್ಟವಾಗಿ ಕಾಣುತ್ತೆ. ಇಷ್ಟಕ್ಕೂ ಕಳೆದ ಕೆಲವು ವರ್ಷಗಳಲ್ಲಿ ಈ ಜ್ಯೂಸ್ ಮಾರುಕಟ್ಟೆಯಲ್ಲಿ ಆಗಿರೋದು ಯಾವ ಥ್ರಿಲ್ಲರ್‌ಗೂ ಕಮ್ಮಿ ಇಲ್ಲ.

ಮೊದಲು ಒಂದು ಪದ ಕ್ಲಿಯರ್ ಮಾಡ್ಕೊಳ್ಳೋಣ. ಬೇಡಿಕೆ. ಡಿಮ್ಯಾಂಡ್. ದಿನಬಳಕೆಯಲ್ಲಿ ‘ಬೇಕು’ ಅನ್ನೋದೇ ಬೇಡಿಕೆ. ಅರ್ಥಶಾಸ್ತ್ರದಲ್ಲಿ ಹಾಗಲ್ಲ. ನನಗೆ ಐಫೋನ್ ಬೇಕು ಅನ್ನೋದು ಆಸೆ. ಈ ಬೆಲೆಗೆ, ಈ ಸಂಬಳದಲ್ಲಿ, ಪಕ್ಕದಲ್ಲಿ ಇಷ್ಟು ಬೇರೆ ಫೋನ್‌ಗಳಿರುವಾಗ ನಾನು ನಿಜವಾಗಿ ದುಡ್ಡು ಕೊಟ್ಟು ತಗೋತೀನಾ? ಆ ಪ್ರಶ್ನೆಗೆ ಹೌದು ಅಂದ್ರೆ ಮಾತ್ರ ಅದು ಬೇಡಿಕೆ. ಹಸಿದವನಿಗೆ ಊಟ ಬೇಕು, ಆದರೆ ಅವನ ಹತ್ರ ದುಡ್ಡಿಲ್ಲ ಅಂದ್ರೆ ಮಾರುಕಟ್ಟೆಯ ಲೆಕ್ಕದಲ್ಲಿ ಅವನ ಬೇಡಿಕೆ ಸೊನ್ನೆ. ಕ್ರೂರವಾಗಿ ಕೇಳಿಸುತ್ತೆ. ಕ್ರೂರವೇ. ಈ ಮಾತಿಗೆ ಆಮೇಲೆ ಬರ್ತೀನಿ.

ಈಗ ಕಥೆ. ಬೆಳಿಗ್ಗೆ ತಿಂಡಿ ಜೊತೆ ಒಂದು ಗ್ಲಾಸ್ ಆರೆಂಜ್ ಜ್ಯೂಸ್. ಹಾಲಿವುಡ್ ಸಿನಿಮಾಗಳಲ್ಲಿ ನೋಡಿರ್ತೀರಿ, ಟೇಬಲ್ ಮೇಲೆ ಅದು ಇದ್ದೇ ಇರುತ್ತೆ, ನಮ್ಮ ಮನೆಗಳಲ್ಲಿ ಫಿಲ್ಟರ್ ಕಾಫಿ ಇದ್ದ ಹಾಗೆ. ಅಮೆರಿಕದವರು ಅನಾದಿ ಕಾಲದಿಂದ ಕುಡೀತಾ ಬಂದಿದ್ದಾರೆ ಅನ್ಸುತ್ತೆ. ಇಲ್ಲ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಕ್ಯಾಲಿಫೋರ್ನಿಯಾದ ಬೆಳೆಗಾರರಿಗೆ ಒಂದು ತಲೆನೋವಿತ್ತು, ಹಣ್ಣು ಜಾಸ್ತಿ, ತಿನ್ನೋರು ಕಮ್ಮಿ. ಮರ ಕಡಿಯೋ ಹಂತಕ್ಕೆ ಹೋಗಿತ್ತು. ಬೆಳೆಗಾರರ ಸಹಕಾರಿ ಬ್ರಾಂಡ್ ಸನ್‌ಕಿಸ್ಟ್ ಪರವಾಗಿ ಆಲ್ಬರ್ಟ್ ಲಾಸ್ಕರ್ ಅವರ ಜಾಹೀರಾತು ಕಂಪನಿ 1916ರಲ್ಲಿ ಒಂದು ಪ್ರಚಾರ ಶುರು ಮಾಡ್ತು. ಅದರ ಸಾರ ಇಷ್ಟೇ, ಕಿತ್ತಳೆ ತಿನ್ನಬೇಡಿ, ಕುಡೀರಿ. ಇದರ ಹಿಂದಿನ ಲೆಕ್ಕ ನೋಡಿ. ಒಬ್ಬ ಮನುಷ್ಯ ಒಂದು ಸಲಕ್ಕೆ ಒಂದು ಹಣ್ಣು ತಿಂತಾನೆ. ಒಂದು ಗ್ಲಾಸ್ ಜ್ಯೂಸ್‌ಗೆ ಮೂರ್ನಾಲ್ಕು ಹಣ್ಣು ಬೇಕು. ಗಿರಾಕಿ ಅದೇ, ಹೊಟ್ಟೆ ಅದೇ, ಮಾರಾಟ ಮಾತ್ರ ಮೂರು ಪಟ್ಟು.

ನನಗೆ ಇದು ಬಹಳ ಇಷ್ಟವಾದ ಭಾಗ. ಬೇಡಿಕೆ ಅನ್ನೋದು ನಮ್ಮೊಳಗಿಂದ ತಾನಾಗೇ ಹುಟ್ಟುತ್ತೆ ಅಂತ ಪಾಠ ಕೇಳಿ ಬೆಳೆದವರು ನಾವು. ಇಲ್ಲಿ ಮೊದಲು ಹಣ್ಣು ಜಾಸ್ತಿ ಆಯ್ತು, ಆಮೇಲೆ ಅದಕ್ಕೊಂದು ಬಾಯಾರಿಕೆ ತಯಾರಾಯ್ತು.

ಎರಡನೇ ತಿರುವು ಎರಡನೇ ಮಹಾಯುದ್ಧದ ಹೊತ್ತಿಗೆ. ಸೈನಿಕರಿಗೆ ವಿಟಮಿನ್ ಸಿ ಕಳಿಸಬೇಕಿತ್ತು. ಫ್ಲೋರಿಡಾದ ವಿಜ್ಞಾನಿಗಳು ಜ್ಯೂಸ್‌ನಿಂದ ನೀರು ತೆಗೆದು, ಗಟ್ಟಿ ಮಾಡಿ, ಫ್ರೀಜ್ ಮಾಡೋ ವಿಧಾನ ಕಂಡುಹಿಡಿದರು. ಅದು ಕೈಗೆ ಬರೋ ಹೊತ್ತಿಗೆ ಯುದ್ಧವೇ ಮುಗಿದಿತ್ತು, ಅದು ಬೇರೆ ಮಾತು. ಆದರೆ ಆ ಗಟ್ಟಿ ಜ್ಯೂಸ್ ಮನೆಮನೆಗೆ ಬಂತು. ಡಬ್ಬಿ ತೆರೆಯಿರಿ, ನೀರು ಹಾಕಿ, ಕಲಕಿ, ಕುಡೀರಿ. ಹಣ್ಣು ಹಿಂಡೋ ಕೆಲಸ ಇಲ್ಲ, ವರ್ಷವಿಡೀ ಸಿಗುತ್ತೆ, ಅಗ್ಗ. ಮಿನಿಟ್ ಮೇಡ್ ಹುಟ್ಟಿದ್ದು ಈ ಕಾಲದಲ್ಲಿ. ಹೆಸರಲ್ಲೇ ಇದೆ ನೋಡಿ, ನಿಮಿಷದಲ್ಲಿ ರೆಡಿ. 1960ರಲ್ಲಿ ಅದನ್ನ ಕೋಕಾ ಕೋಲಾ ಕೊಂಡುಕೊಂಡಿತು. ಟ್ರಾಪಿಕಾನಾ ಶುರುವಾಗಿದ್ದು 1947ರಲ್ಲಿ, ಅದು 1998ರಲ್ಲಿ ಪೆಪ್ಸಿಕೋ ಕೈಗೆ ಹೋಯ್ತು. 1966ರಿಂದ ಈ ಗಟ್ಟಿ ಜ್ಯೂಸ್ ನ್ಯೂಯಾರ್ಕ್‌ನ ವಾಯಿದಾ ಮಾರುಕಟ್ಟೆಯಲ್ಲಿ, ಅಂದ್ರೆ ಫ್ಯೂಚರ್ಸ್ ಮಾರ್ಕೆಟ್‌ನಲ್ಲಿ, ಹತ್ತಿಯ ಪಕ್ಕದಲ್ಲಿ ಟ್ರೇಡ್ ಆಗೋಕೆ ಶುರುವಾಯ್ತು. 1983ರ ‘ಟ್ರೇಡಿಂಗ್ ಪ್ಲೇಸಸ್’ ಸಿನಿಮಾ ನೋಡಿದ್ದೀರಾ? ಅದರ ಕ್ಲೈಮ್ಯಾಕ್ಸ್ ನಡೆಯೋದೇ ಆರೆಂಜ್ ಜ್ಯೂಸ್ ಫ್ಯೂಚರ್ಸ್ ಮೇಲೆ. ನೋಡಿಲ್ಲ ಅಂದ್ರೆ ಈ ಎಪಿಸೋಡ್ ಮುಗಿಸಿ ನೋಡಿ.

ಇಲ್ಲೀವರೆಗೂ ಹಣ್ಣು ಹೆಚ್ಚು, ಬೆಲೆ ಕಮ್ಮಿ, ಅಭ್ಯಾಸ ಗಟ್ಟಿ. ಈಗ ವಿಲನ್ ಎಂಟ್ರಿ.

2005ರಲ್ಲಿ ಫ್ಲೋರಿಡಾದ ತೋಟಗಳಲ್ಲಿ ಸಿಟ್ರಸ್ ಗ್ರೀನಿಂಗ್ ಅನ್ನೋ ರೋಗ ಪತ್ತೆಯಾಯ್ತು. ಬ್ಯಾಕ್ಟೀರಿಯಾದಿಂದ ಬರೋದು. ಸಿಲಿಡ್ ಅನ್ನೋ ಸಾಸಿವೆಕಾಳಿಗಿಂತ ಸ್ವಲ್ಪ ದೊಡ್ಡ ಕೀಟ ಅದನ್ನ ಮರದಿಂದ ಮರಕ್ಕೆ ಒಯ್ಯುತ್ತೆ. ಹಣ್ಣು ಪೂರ್ತಿ ಹಣ್ಣಾಗೋಕೆ ಮುಂಚೆ ಉದುರುತ್ತೆ, ಒಂದು ಕಡೆ ಹಸಿರಾಗೇ ಉಳಿಯುತ್ತೆ, ಕಹಿ ಬರುತ್ತೆ, ಮರ ನಿಧಾನಕ್ಕೆ ಸಾಯುತ್ತೆ. ಇದಕ್ಕೆ ಇವತ್ತಿಗೂ ಪಕ್ಕಾ ಮದ್ದಿಲ್ಲ. ಅಂದಹಾಗೆ ಆ ಕೀಟಕ್ಕೆ ಕಿತ್ತಳೆ ಗಿಡದ ಜೊತೆಗೆ ಇನ್ನೊಂದು ಗಿಡ ಅಚ್ಚುಮೆಚ್ಚು. ಯಾವುದು ಹೇಳಿ? ನಮ್ಮ ಕರಿಬೇವು! ಅಮೆರಿಕದಲ್ಲಿರೋ ನಿಮ್ಮ ಅಕ್ಕನಿಗೋ ಅಣ್ಣನಿಗೋ ಇಲ್ಲಿಂದ ಹಸಿ ಕರಿಬೇವು ಒಯ್ಯೋಕೆ ಬಿಡಲ್ಲ ಅಂತ ಕೇಳಿರ್ತೀರಿ. ಏರ್‌ಪೋರ್ಟ್‌ನಲ್ಲಿ ಬ್ಯಾಗ್‌ನಿಂದ ತೆಗೆಸಿ ಬಿಸಾಕ್ತಾರೆ. ಅಲ್ಲಿನ ಕಿತ್ತಳೆ, ನಿಂಬೆ ತೋಟಗಳನ್ನ ಕಾಪಾಡೋಕೆ ಮಾಡಿದ ನಿಯಮ ಅದು. ನ್ಯೂಜೆರ್ಸಿಯ ಅಡುಗೆಮನೆಯಲ್ಲಿ ಸಾರಿನ ಒಗ್ಗರಣೆ ಸಪ್ಪೆ ಆಗೋದಕ್ಕೂ ಫ್ಲೋರಿಡಾದ ಜ್ಯೂಸ್‌ಗೂ ಹೀಗೊಂದು ನಂಟು.

ಅಂಕಿ ಕೇಳಿ. 2003-04ರ ಹಂಗಾಮಿನಲ್ಲಿ ಫ್ಲೋರಿಡಾ ಬೆಳೆದ ಕಿತ್ತಳೆ ಸುಮಾರು 24 ಕೋಟಿ ಬಾಕ್ಸ್. ಒಂದು ಬಾಕ್ಸ್ ಅಂದ್ರೆ 90 ಪೌಂಡ್, ಹತ್ತತ್ರ 41 ಕೆಜಿ. 2024-25ರಲ್ಲಿ? ಸುಮಾರು 1.2 ಕೋಟಿ ಬಾಕ್ಸ್. ನೂರು ಇದ್ದಿದ್ದು ಐದಕ್ಕೆ ಬಂದು ನಿಂತಿದೆ. ರೋಗದ ಜೊತೆ ಚಂಡಮಾರುತಗಳೂ ಸೇರಿಕೊಂಡವು. 2017ರಲ್ಲಿ ಇರ್ಮಾ, 2022ರಲ್ಲಿ ಇಯಾನ್, 2024ರಲ್ಲಿ ಮಿಲ್ಟನ್.

ಫ್ಲೋರಿಡಾ ಬಿದ್ದಾಗ ಜಗತ್ತು ನೋಡಿದ್ದು ಬ್ರೆಜಿಲ್ ಕಡೆಗೆ. ಜಗತ್ತಿನಲ್ಲಿ ರಫ್ತಾಗೋ ಕಿತ್ತಳೆ ಜ್ಯೂಸ್‌ನಲ್ಲಿ ಮುಕ್ಕಾಲು ಪಾಲಿನ ಆಸುಪಾಸು ಬರೋದು ಅಲ್ಲಿಂದ, ಮುಖ್ಯವಾಗಿ ಸಾವೊ ಪೌಲೊ ರಾಜ್ಯದಿಂದ. ಆದರೆ ಅಲ್ಲೂ ಗ್ರೀನಿಂಗ್ ಹರಡಿದೆ. ಜೊತೆಗೆ ಬರ, ಬಿಸಿಲು. 2024ರ ಮೇ ತಿಂಗಳಲ್ಲಿ ಅಲ್ಲಿನ ಮೊದಲ ಅಂದಾಜು ಬಂದಾಗ 23 ಕೋಟಿ ಬಾಕ್ಸ್ ಅಂದ್ರು, ಮೂವತ್ತು ವರ್ಷಗಳಲ್ಲೇ ಕನಿಷ್ಠ ಮಟ್ಟ. ಆಮೇಲೆ ಬೆಲೆ ಹಾರಿದ್ದೇ ಹಾರಿದ್ದು. 2020ರ ಶುರುವಿನಲ್ಲಿ ವಾಯಿದಾ ಮಾರುಕಟ್ಟೆಯಲ್ಲಿ ಪೌಂಡಿಗೆ ಒಂದು ಡಾಲರ್‌ನ ಆಸುಪಾಸು ಇದ್ದದ್ದು 2024ರ ಡಿಸೆಂಬರ್‌ನಲ್ಲಿ ಐದು ಡಾಲರ್ ದಾಟಿತು. ದಾಖಲೆ. ಅಮೆರಿಕದ ಅಂಗಡಿಗಳಲ್ಲಿ ಅರ್ಧ ಲೀಟರ್‌ಗೂ ಕಮ್ಮಿ ಇರೋ ಫ್ರೋಜನ್ ಡಬ್ಬಿ ಎರಡೂವರೆ ಡಾಲರ್ ಒಳಗೆ ಸಿಗ್ತಿದ್ದದ್ದು ನಾಲ್ಕು ಡಾಲರ್ ದಾಟಿತು.

ಈಗ ಅಸಲಿ ಪ್ರಶ್ನೆ. ಬೆಲೆ ಏರಿದಾಗ ಜನ ಏನು ಮಾಡ್ತಾರೆ?

ಇದನ್ನ ಅಳೆಯೋಕೆ ಒಂದು ಅಳತೆಗೋಲಿದೆ. ಬೆಲೆ ಸ್ಥಿತಿಸ್ಥಾಪಕತೆ. ಪಿಯುಸಿ ಕಾಮರ್ಸ್ ಓದಿದವರಿಗೆ ನೆನಪಿರಬಹುದು, ಪರೀಕ್ಷೆ ಹಿಂದಿನ ದಿನ ಬಾಯಿಪಾಠ ಮಾಡಿದ್ದು. ಸಿಂಪಲ್ಲಾಗಿ ಹೇಳ್ತೀನಿ. ಬೆಲೆ 10 ಪರ್ಸೆಂಟ್ ಏರಿದ್ರೆ ಜನ ಎಷ್ಟು ಪರ್ಸೆಂಟ್ ಕಮ್ಮಿ ಕೊಳ್ತಾರೆ ಅನ್ನೋದು. 2010ರಲ್ಲಿ ಅಮೆರಿಕದ ಒಂದು ಸಾರ್ವಜನಿಕ ಆರೋಗ್ಯ ಪತ್ರಿಕೆಯಲ್ಲಿ, ಆಹಾರ ಬೆಲೆಗಳ ಬಗ್ಗೆ ನಡೆದಿದ್ದ 160 ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿದ ಒಂದು ವರದಿ ಬಂತು. ಅದರ ಪ್ರಕಾರ ಬೆಲೆ 10 ಪರ್ಸೆಂಟ್ ಏರಿದ್ರೆ ಮೊಟ್ಟೆಯ ಬೇಡಿಕೆ ಇಳಿಯೋದು 2.7 ಪರ್ಸೆಂಟ್ ಮಾತ್ರ. ಜ್ಯೂಸ್‌ನದ್ದು 7.6 ಪರ್ಸೆಂಟ್. ಹೋಟೆಲ್ ಊಟದ್ದು 8.1.

ಯಾಕೆ ಹೀಗೆ? ಮೊಟ್ಟೆಗೆ ಬದಲಿ ಇಲ್ಲ. ಆಮ್ಲೆಟ್ ಮಾಡೋಕೆ ಮೊಟ್ಟೆಯೇ ಬೇಕು. 2025ರ ಮಾರ್ಚ್‌ನಲ್ಲಿ ಹಕ್ಕಿಜ್ವರದಿಂದ ಅಮೆರಿಕದಲ್ಲಿ ಒಂದು ಡಜನ್ ಮೊಟ್ಟೆ ಸರಾಸರಿ ಆರು ಡಾಲರ್ ದಾಟಿದಾಗ ಜನ ಬೈಕೊಂಡು ಕೊಂಡರು. ಆದರೂ ಕೊಂಡರು. ಜ್ಯೂಸ್‌ಗೆ ಬದಲಿ? ನೀರು, ಕಾಫಿ, ಸ್ಪೋರ್ಟ್ಸ್ ಡ್ರಿಂಕ್, ಎನರ್ಜಿ ಡ್ರಿಂಕ್, ಬಾದಾಮಿ ಹಾಲು, ಸ್ಮೂದಿ. ಹಣ್ಣೇ ತಿಂದ್ರಾಯ್ತಲ್ಲ! ಅಂಗಡಿಯ ಒಂದು ಇಡೀ ಗೋಡೆಯೇ ಬದಲಿ. ಬದಲಿ ಹೆಚ್ಚಿದ್ದಷ್ಟೂ ಗಿರಾಕಿಯ ಕಾಲು ಹಗುರ.

ಆದರೆ ಇಷ್ಟಕ್ಕೇ ನಿಲ್ಲಿಸಿದ್ರೆ ಅರ್ಧ ಕಥೆ ಆಗುತ್ತೆ. ಯಾಕಂದ್ರೆ ಅಮೆರಿಕದವರು ಜ್ಯೂಸ್ ಬಿಡೋಕೆ ಶುರು ಮಾಡಿದ್ದು ಬೆಲೆ ಹಾರೋಕೆ ತುಂಬಾ ಮುಂಚೆಯೇ, ಇಪ್ಪತ್ತು ವರ್ಷಗಳ ಹಿಂದಿನಿಂದಲೇ. ಮೊದಲು ಬಂದಿದ್ದು ಆಟ್ಕಿನ್ಸ್ ಥರದ ಲೋ ಕಾರ್ಬ್ ಡಯಟ್‌ಗಳು. ಆಮೇಲೆ ಸಕ್ಕರೆ ಬಗ್ಗೆ ಎಚ್ಚರ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಕ್ಕರೆ ಕಮ್ಮಿ ಮಾಡಿ ಅಂತ ಮಾರ್ಗಸೂಚಿ ತಂದಾಗ ಹಣ್ಣಿನ ರಸದಲ್ಲಿರೋ ಸಹಜ ಸಕ್ಕರೆಯನ್ನೂ ಆ ಲೆಕ್ಕಕ್ಕೆ ಸೇರಿಸಿತು. ಒಂದು ಕಪ್ ಆರೆಂಜ್ ಜ್ಯೂಸ್‌ನಲ್ಲಿ ಸುಮಾರು 21 ಗ್ರಾಂ ಸಕ್ಕರೆ ಇರುತ್ತೆ. ಅಷ್ಟೇ ಕೋಲಾದಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಇಷ್ಟು ವರ್ಷ ‘ಆರೋಗ್ಯ’ ಅಂತ ಮಾರಿದ ವಸ್ತುವಿಗೆ ಇದು ಮರ್ಮಕ್ಕೆ ಬಿದ್ದ ಏಟು. ಜೊತೆಗೆ ಕೂತು ತಿಂಡಿ ತಿನ್ನೋ ಪದ್ಧತಿಯೇ ಹೋಗ್ತಾ ಬಂತು. ಕಾರಿನಲ್ಲೇ ತಿನ್ನೋರು ಜ್ಯೂಸ್ ಗ್ಲಾಸ್ ಎಲ್ಲಿಡ್ತಾರೆ?

ಮಧ್ಯದಲ್ಲಿ 2020ರಲ್ಲಿ ಕೊರೊನಾ ಬಂತು. ವಿಟಮಿನ್ ಸಿ, ಇಮ್ಯುನಿಟಿ ಅಂತ ಎಲ್ಲರೂ ಮತ್ತೆ ಜ್ಯೂಸ್ ಕಡೆ ಓಡಿದರು. ಮಾರಾಟ ದಿಢೀರ್ ಏರಿತು. ನಮ್ಮಲ್ಲಿ ಅದೇ ಹೊತ್ತಿಗೆ ಕಷಾಯ, ನಿಂಬೆಹಣ್ಣಿಗೆ ಓಡಿದ ಹಾಗೆ. ಭಯ ಇಳಿದ ಮೇಲೆ ಹಳೇ ಕಥೆ ಮುಂದುವರೀತು.

ಹಾಗಾಗಿ 2024ರಲ್ಲಿ ಬೆಲೆ ಹಾರಿದಾಗ ಅದು ಬಿದ್ದಿದ್ದು ಮೊದಲೇ ಸಡಿಲವಾಗಿದ್ದ ಅಭ್ಯಾಸದ ಮೇಲೆ. ಕಂಪನಿಗಳು ಏನು ಮಾಡಿದ್ವು? ಟ್ರಾಪಿಕಾನಾ ತನ್ನ ಬಾಟಲಿಯನ್ನ 52 ಔನ್ಸ್‌ನಿಂದ 46 ಔನ್ಸ್‌ಗೆ ಇಳಿಸಿತು. ಒಂದು ಕಾಲದಲ್ಲಿ ಅದು 64 ಔನ್ಸ್ ಇತ್ತು, ಆಮೇಲೆ 59, ಆಮೇಲೆ 52. ಈಗ 46. ಬೆಲೆ ಏರಿಸಿದ್ರೆ ಗಿರಾಕಿ ಕಣ್ಣಿಗೆ ಬೀಳುತ್ತೆ, ಅಳತೆ ಇಳಿಸಿದ್ರೆ ಬೀಳಲ್ಲ ಅನ್ನೋ ನಂಬಿಕೆ. ಈ ಸಲ ಬಿತ್ತು. ಬಾಟಲಿಯ ಆಕಾರವನ್ನೂ ಬದಲಾಯಿಸಿದ್ರು ನೋಡಿ, ಜನ ಎತ್ತಿ ತಿರುಗಿಸಿ ನೋಡಿದ್ರು, ಸೋಷಿಯಲ್ ಮೀಡಿಯಾದಲ್ಲಿ ಉಗಿದ್ರು, ಮಾರಾಟ ಬಿತ್ತು. ಇನ್ನೊಂದು ಕಡೆ ಜ್ಯೂಸ್ ಉದ್ಯಮದ ಅಂತರರಾಷ್ಟ್ರೀಯ ಸಂಘದಲ್ಲಿ ಬೇರೆ ಸಿಟ್ರಸ್ ಹಣ್ಣುಗಳ ರಸ ಬೆರೆಸಿದ್ರೂ ಅದನ್ನ ಆರೆಂಜ್ ಜ್ಯೂಸ್ ಅಂತಲೇ ಕರೀಬಹುದಾ ಅನ್ನೋ ಚರ್ಚೆ ಶುರುವಾಯ್ತು.

ಆಮೇಲೆ 2025. ಬ್ರೆಜಿಲ್‌ನಲ್ಲಿ ಮುಂದಿನ ಬೆಳೆ ಚೆನ್ನಾಗಿದೆ, ಸುಮಾರು 31 ಕೋಟಿ ಬಾಕ್ಸ್ ಅಂತ ಮೇ ತಿಂಗಳ ಅಂದಾಜು ಬಂತು. ಆದರೆ ಅದಕ್ಕೂ ಮುಂಚೆಯೇ, ವರ್ಷದ ಮೊದಲ ಮೂರು ತಿಂಗಳಲ್ಲೇ ವಾಯಿದಾ ಬೆಲೆ ಅರ್ಧಕ್ಕೆ ಕುಸಿದಿತ್ತು. ಹೆಚ್ಚು ಹಣ್ಣು ಬರೋಕೆ ಮುಂಚೆ ಬೆಲೆ ಬಿತ್ತು ಅಂದ್ರೆ ಏನರ್ಥ? ಕುಡಿಯೋರು ಕಮ್ಮಿಯಾಗಿದ್ದಾರೆ ಅಂತ ವ್ಯಾಪಾರಿಗಳಿಗೆ ಗೊತ್ತಾಗಿತ್ತು. ಬೆಲೆ ಏರಿದಾಗ ಬಿಟ್ಟ ಗಿರಾಕಿ, ಬೆಲೆ ಇಳಿದ ಮಾರನೇ ದಿನ ವಾಪಸ್ ಬರಲ್ಲ. ಅಷ್ಟರಲ್ಲಿ ಅವನ ಬೆಳಗಿನ ಟೇಬಲ್ ಮೇಲೆ ಬೇರೆ ಏನೋ ಬಂದು ಕೂತಿರುತ್ತೆ. ಪಠ್ಯಪುಸ್ತಕದ ಡಿಮ್ಯಾಂಡ್ ಕರ್ವ್ ಮೇಲೆ ನೀವು ಹೇಗೆ ಮೇಲೆ ಹೋದ್ರೋ ಹಾಗೇ ಕೆಳಗೆ ಜಾರಬಹುದು. ನಿಜವಾದ ಮನುಷ್ಯರ ಅಭ್ಯಾಸ ಹಾಗೆ ಜಾರಲ್ಲ.

ಬೆಲೆ ಹಾರಿದಾಗ ರೈತ ಶ್ರೀಮಂತ ಆದ ಅಂದುಕೊಂಡ್ರಾ? ಮರದಲ್ಲಿ ಹಣ್ಣಿದ್ರೆ ತಾನೇ. ಫ್ಲೋರಿಡಾದ ದೊಡ್ಡ ಬೆಳೆಗಾರ ಕಂಪನಿಗಳಲ್ಲಿ ಒಂದಾದ ಅಲಿಕೋ 2025ರ ಜನವರಿಯಲ್ಲಿ, ದಾಖಲೆ ಬೆಲೆ ಬಂದ ಮರುತಿಂಗಳೇ, ಕಿತ್ತಳೆ ಕೃಷಿ ನಿಲ್ಲಿಸ್ತೀವಿ ಅಂತ ಘೋಷಿಸಿತು. ನಮ್ಮ ಕೋಲಾರದಲ್ಲೂ 2023ರ ಜುಲೈನಲ್ಲಿ ಇದೇ ಥರ ಒಂದು ನೋಟ ಕಂಡಿದ್ವಿ. 15 ಕೆಜಿಯ ಟೊಮ್ಯಾಟೊ ಬಾಕ್ಸ್ ಎಪಿಎಂಸಿಯಲ್ಲಿ 2000 ರೂಪಾಯಿ ದಾಟಿತು. ಬೆಳೆ ಉಳಿಸಿಕೊಂಡಿದ್ದ ಕೆಲವರ ಫೋಟೊ ಪೇಪರ್‌ನಲ್ಲಿ ಬಂತು. ರೋಗ ಬಂದು ಬೆಳೆ ಹೋದವರ ಫೋಟೊ ಯಾರು ಹಾಕ್ತಾರೆ? ಅದೇ ತಿಂಗಳು ಉತ್ತರ ಭಾರತದ ಮೆಕ್‌ಡೊನಾಲ್ಡ್ಸ್ ಮಳಿಗೆಗಳು ಬರ್ಗರ್‌ನಿಂದ ಟೊಮ್ಯಾಟೊವನ್ನೇ ಕೈಬಿಟ್ಟವು. ನಮ್ಮ ಮನೆಗಳಲ್ಲಿ ಹುಣಸೆಹಣ್ಣು ಮುಂದೆ ಬಂತು. ನೋಡಿ, ಬದಲಿ ಮತ್ತೆ.

ಸರಿ, ಈಗ ನಮ್ಮ ಊರಿಗೆ ಬರೋಣ.

ಕನ್ನಡದವರಿಗೆ ಕಿತ್ತಳೆ ಅಂದ್ರೆ ಎರಡು ವಿಷಯ ನೆನಪಾಗುತ್ತೆ. ಒಂದು, ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರಿ ಊರಿಗೆ ಶಾಲೆ ಕಟ್ಟಿಸಿದ ಪದ್ಮಶ್ರೀ ಹರೇಕಳ ಹಾಜಬ್ಬ. ವಿದೇಶಿಯರು ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಉತ್ತರ ಕೊಡೋಕೆ ಆಗದೇ ಹೋದದ್ದೇ ಅವರ ಶಾಲೆಯ ಕನಸಿಗೆ ಕಾರಣ ಅನ್ನೋದು ನಿಮಗೆ ಗೊತ್ತಿರುತ್ತೆ. ಹಣ್ಣಿತ್ತು, ಗಿರಾಕಿ ಇದ್ದ, ದುಡ್ಡಿತ್ತು, ಬೆಲೆ ಅನ್ನೋ ಒಂದು ಮಾತು ದಾಟಲಿಲ್ಲ, ವ್ಯಾಪಾರ ಆಗಲಿಲ್ಲ. ಎರಡನೇದು ಕೊಡಗಿನ ಕಿತ್ತಳೆ. ಕಾಫಿ ತೋಟದ ಮಧ್ಯೆ ಬೆಳೀತಿದ್ದ ಆ ಸಡಿಲ ಸಿಪ್ಪೆಯ ಹಣ್ಣು. ಜಿಐ ಟ್ಯಾಗ್ ಇದೆ, ಹಣ್ಣೇ ಅಪರೂಪ ಆಗಿದೆ. ಅಲ್ಲೂ ಮರ ಕೊಂದ ರೋಗಗಳಲ್ಲಿ ಗ್ರೀನಿಂಗ್ ಒಂದು. ಫ್ಲೋರಿಡಾದ ವಿಲನ್ನೇ. ಜೊತೆಗೆ ಕಾಫಿ, ಮೆಣಸಿಗೆ ಒಳ್ಳೆ ರೇಟ್ ಇರುವಾಗ ಸಾಯೋ ಗಿಡದ ಹಿಂದೆ ಯಾರು ಬೀಳ್ತಾರೆ?

ಆದರೆ ನಮ್ಮ ದೇಶದಲ್ಲಿ ಪ್ಯಾಕೆಟ್ ಜ್ಯೂಸ್ ಅಂದ್ರೆ ಕಿತ್ತಳೆಗಿಂತ ಮಾವು ಮುಂದೆ. 1985ರಲ್ಲಿ ಫ್ರೂಟಿ ಬಂದಾಗಿನಿಂದ. ಇಲ್ಲಿ ಬೇಡಿಕೆಯನ್ನ ನಿರ್ಧರಿಸೋದು ಒಂದು ನಾಣ್ಯ. ಹತ್ತು ರೂಪಾಯಿ. ಕಂಪನಿಗಳು ಮೊದಲು ಬೆಲೆ ಬರೀತಾವೆ, ಆಮೇಲೆ ಆ ಬೆಲೆಗೆ ಎಷ್ಟು ಮಿಲಿ ಹಿಡಿಯುತ್ತೆ ನೋಡ್ತಾವೆ. ಹನ್ನೊಂದು ರೂಪಾಯಿ ಮಾಡಿದ್ರೆ ಗೂಡಂಗಡಿಯವನು ಚಿಲ್ಲರೆ ಇಲ್ಲ ಅಂತಾನೆ, ಶಾಲೆ ಬಿಟ್ಟು ಬರೋ ಹುಡುಗನ ಕೈಲಿ ಹತ್ತರ ನಾಣ್ಯ ಮಾತ್ರ ಇರುತ್ತೆ. ಹಾಗಾಗಿ ನಮ್ಮಲ್ಲಿ ಬೆಲೆ ಏರಿಕೆ ಅಂದ್ರೆ ಪ್ಯಾಕೆಟ್ ಸಣ್ಣಗಾಗೋದು. 2022ರ ಜುಲೈನಲ್ಲಿ ಪ್ಲಾಸ್ಟಿಕ್ ಸ್ಟ್ರಾ ನಿಷೇಧ ಆದಾಗ ಈ ಕಂಪನಿಗಳು ಅಷ್ಟೊಂದು ಗಾಬರಿ ಬಿದ್ದಿದ್ದು ಯಾಕೆ ಅಂದ್ರೆ, ಪೇಪರ್ ಸ್ಟ್ರಾದ ಹೆಚ್ಚುವರಿ ಪೈಸೆಗಳನ್ನ ಹತ್ತು ರೂಪಾಯಿಯೊಳಗೆ ಎಲ್ಲಿ ತುರುಕೋದು ಅಂತ.

ಇನ್ನೊಂದು ಲೆಕ್ಕ ಮಾಡೋಣ, ಮೊಬೈಲ್‌ನಲ್ಲಿ ಕ್ಯಾಲ್ಕುಲೇಟರ್ ತೆಗೀರಿ. 2025ರ ಸೆಪ್ಟೆಂಬರ್ 22ರಿಂದ ಹಣ್ಣಿನ ರಸದ ಪಾನೀಯಗಳ ಜಿಎಸ್‌ಟಿ 12 ಪರ್ಸೆಂಟ್‌ನಿಂದ 5ಕ್ಕೆ ಇಳಿಯಿತು. ಗ್ಯಾಸ್ ಇರೋ ಹಣ್ಣಿನ ಪಾನೀಯಕ್ಕೆ ಮಾತ್ರ 40 ಪರ್ಸೆಂಟ್. ಹತ್ತು ರೂಪಾಯಿ ಪ್ಯಾಕ್‌ನಲ್ಲಿ ಹಳೇ ತೆರಿಗೆ ತೆಗೆದ್ರೆ 8 ರೂಪಾಯಿ 93 ಪೈಸೆ. ಅದಕ್ಕೆ 5 ಪರ್ಸೆಂಟ್ ಸೇರಿಸಿ, 9 ರೂಪಾಯಿ 38 ಪೈಸೆ. ನಿಮಗೆ ಸಿಗಬೇಕಾದ ಲಾಭ 62 ಪೈಸೆ. 62 ಪೈಸೆ ಯಾರು ವಾಪಸ್ ಕೊಡ್ತಾರೆ? ಎಲ್ಲಿಂದ ತರ್ತಾರೆ? ಹತ್ತು ರೂಪಾಯಿಯನ್ನೇ ಇಟ್ಟುಕೊಂಡು ಲಾಭ ದಾಟಿಸಬೇಕು ಅಂದ್ರೆ 150 ಮಿಲಿ ಪ್ಯಾಕ್‌ನ 160 ಮಿಲಿ ಮಾಡಬೇಕು. ನಿಮ್ಮ ಮೆಚ್ಚಿನ ಪ್ಯಾಕ್ ಎಷ್ಟು ಮಿಲಿ ಇತ್ತು, ಈಗ ಎಷ್ಟಿದೆ, ಒಂದ್ಸಲ ತಿರುಗಿಸಿ ನೋಡಿ. ಅಮೆರಿಕದವರು ಬಾಟಲಿ ತಿರುಗಿಸಿ ನೋಡಿದ ಹಾಗೆ.

ತಿರುಗಿಸಿದಾಗ ಇನ್ನೊಂದು ಸಾಲೂ ಓದಿ, ಎಷ್ಟು ಪರ್ಸೆಂಟ್ ಹಣ್ಣು ಅಂತ. ನಮ್ಮ ನಿಯಮದ ಪ್ರಕಾರ ‘ಫ್ರೂಟ್ ಡ್ರಿಂಕ್’ ಅನ್ನಿಸಿಕೊಳ್ಳೋಕೆ ಸಾಮಾನ್ಯವಾಗಿ 10 ಪರ್ಸೆಂಟ್ ಹಣ್ಣಿನ ರಸ ಇದ್ರೆ ಸಾಕು. ಮಿಕ್ಕಿದ್ದು ಬಹುಪಾಲು ನೀರು, ಸಕ್ಕರೆ. 2024ರ ಜೂನ್‌ನಲ್ಲಿ ಎಫ್‌ಎಸ್‌ಎಸ್‌ಎಐ, ಗಟ್ಟಿ ರಸಕ್ಕೆ ನೀರು ಸೇರಿಸಿ ಮಾಡಿದ್ದನ್ನ ‘100 ಪರ್ಸೆಂಟ್ ಫ್ರೂಟ್ ಜ್ಯೂಸ್’ ಅಂತ ಬರೀಬೇಡಿ, ಲೇಬಲ್‌ನಿಂದ ತೆಗೀರಿ ಅಂತ ಕಂಪನಿಗಳಿಗೆ ಸೂಚಿಸಿತು. ಹತ್ತು ರೂಪಾಯಿಗೆ ಬರೋದು ಹಣ್ಣಲ್ಲ, ಹಣ್ಣಿನ ಚಿತ್ರ ಅಂತ ನಾನು ತಮಾಷೆ ಮಾಡ್ತಿರ್ತೀನಿ. ಮನೆಯಲ್ಲಿ ಯಾರಿಗೂ ಈ ಜೋಕ್ ಇಷ್ಟ ಇಲ್ಲ.

ಈಗ ಸ್ವಲ್ಪ ದೊಡ್ಡ ಚಿತ್ರ. 1857ರಲ್ಲಿ ಜರ್ಮನಿಯ ಸ್ಯಾಕ್ಸನಿಯಲ್ಲಿ ಅರ್ನ್ಸ್ಟ್ ಎಂಗೆಲ್ ಅನ್ನೋ ಸಂಖ್ಯಾಶಾಸ್ತ್ರಜ್ಞ ಒಂದು ವಿಷಯ ಗಮನಿಸಿದ. ಕಾರ್ಲ್ ಮಾರ್ಕ್ಸ್ ಗೆಳೆಯ ಏಂಗೆಲ್ಸ್ ಅಲ್ಲ, ಇವನು ಬೇರೆ. ಮನೆ ಬಡವಾಗಿದ್ದಷ್ಟೂ ಖರ್ಚಿನಲ್ಲಿ ಊಟದ ಪಾಲು ಜಾಸ್ತಿ, ಆದಾಯ ಏರಿದಂತೆ ಆ ಪಾಲು ಇಳಿಯುತ್ತೆ. ಅಮೆರಿಕದವರು ಕೈಗೆ ಬಂದ ಆದಾಯದಲ್ಲಿ ಸರಾಸರಿ 11 ಪರ್ಸೆಂಟ್ ಮಾತ್ರ ಆಹಾರಕ್ಕೆ ಖರ್ಚು ಮಾಡ್ತಾರೆ, ಹೋಟೆಲ್ ಊಟ ಸೇರಿ. ನಮ್ಮಲ್ಲಿ? ಕೇಂದ್ರ ಸರ್ಕಾರದ 2023-24ರ ಕುಟುಂಬ ಖರ್ಚಿನ ಸಮೀಕ್ಷೆ ಪ್ರಕಾರ ಹಳ್ಳಿಗಳಲ್ಲಿ ತಲಾ ತಿಂಗಳ ಖರ್ಚು 4,122 ರೂಪಾಯಿ, ಅದರಲ್ಲಿ ಆಹಾರಕ್ಕೆ 47 ಪರ್ಸೆಂಟ್. ನಗರಗಳಲ್ಲಿ 6,996 ರೂಪಾಯಿ, ಆಹಾರಕ್ಕೆ ಸುಮಾರು 40 ಪರ್ಸೆಂಟ್. ಆದಾಯ, ಖರ್ಚು ಎರಡೂ ಒಂದೇ ಅಲ್ಲ, ಪಕ್ಕಾ ಹೋಲಿಕೆ ಅಂತ ಹಿಡೀಬೇಡಿ, ಆದರೂ ಅಂತರ ಕಾಣುತ್ತೆ. ಜ್ಯೂಸ್ ದುಬಾರಿ ಆದ್ರೆ ಅಮೆರಿಕದ ಮಧ್ಯಮ ವರ್ಗದವನಿಗೆ ಕಿರಿಕಿರಿ. ಬೇಳೆ ದುಬಾರಿ ಆದ್ರೆ ನಮ್ಮ ಹಳ್ಳಿಯ ಮನೆಗೆ ತಿಂಗಳ ಬಜೆಟ್ಟೇ ಅಲ್ಲಾಡುತ್ತೆ.

ಆ ಸಮೀಕ್ಷೆಯಲ್ಲಿ ನನ್ನ ಕಣ್ಣು ನಿಂತಿದ್ದು ಇನ್ನೊಂದು ಸಾಲಿನ ಮೇಲೆ. ಪಾನೀಯ, ಕುರುಕಲು, ಸಂಸ್ಕರಿಸಿದ ಆಹಾರ, ಇವೆಲ್ಲ ಸೇರಿದ ವಿಭಾಗಕ್ಕೆ ಹಳ್ಳಿಗಳಲ್ಲಿ ಒಟ್ಟು ಖರ್ಚಿನ 9.84 ಪರ್ಸೆಂಟ್, ನಗರಗಳಲ್ಲಿ 11 ಪರ್ಸೆಂಟ್. ಆಹಾರದ ಪಟ್ಟಿಯಲ್ಲಿ ಇದೇ ನಂಬರ್ ಒನ್. ಅಕ್ಕಿ, ಗೋಧಿ, ರಾಗಿ ಎಲ್ಲಾ ಧಾನ್ಯ ಸೇರಿ ಹಳ್ಳಿಯಲ್ಲಿ ಹೆಚ್ಚುಕಮ್ಮಿ 5 ಪರ್ಸೆಂಟ್. ಧಾನ್ಯಕ್ಕೆ ಕೊಡೋದರ ದುಪ್ಪಟ್ಟು ದುಡ್ಡು ಪ್ಯಾಕೆಟ್, ಪಾನೀಯ, ಹೋಟೆಲ್ ಕಡೆಗೆ.

‘ನೋಡಿದ್ರಾ, ಬಡವರು ದುಡ್ಡು ಪೋಲು ಮಾಡ್ತಾರೆ’ ಅನ್ನೋ ತೀರ್ಪಿಗೆ ಹಾರೋದು ಸುಲಭ. ನಾನು ಒಪ್ಪಲ್ಲ. ಒಂದು, ಪಡಿತರದಲ್ಲಿ ಅಕ್ಕಿ ಉಚಿತವಾಗಿ ಬರೋದರಿಂದ ಧಾನ್ಯದ ಖರ್ಚು ಕಮ್ಮಿ ಕಾಣುತ್ತೆ. ನಮ್ಮ ರಾಜ್ಯದ ಅನ್ನಭಾಗ್ಯವನ್ನೇ ನೋಡಿ. 2023ರ ಜುಲೈನಿಂದ ಹೆಚ್ಚುವರಿ ಅಕ್ಕಿ ಬದಲು ಕೆಜಿಗೆ 34 ರೂಪಾಯಿಯಂತೆ ಒಬ್ಬರಿಗೆ 170 ರೂಪಾಯಿ ಖಾತೆಗೆ ಬರ್ತಿತ್ತು, 2025ರ ಫೆಬ್ರವರಿಯಲ್ಲಿ ಮತ್ತೆ ಅಕ್ಕಿಯನ್ನೇ ಕೊಡೋಕೆ ಶುರು ಮಾಡಿದ್ರು. ಅಕ್ಕಿಯಿಂದ ಉಳಿದ ದುಡ್ಡು ಮೊಟ್ಟೆ, ಹಾಲು, ತರಕಾರಿ, ಬಸ್ ಚಾರ್ಜ್, ಮಗುವಿನ ಬಿಸ್ಕೆಟ್ ಯಾವುದಕ್ಕೂ ಹೋಗಬಹುದು. ಎರಡನೇದು, ಬೇರೆ ಊರಿಗೆ ಕಟ್ಟಡ ಕೆಲಸಕ್ಕೆ ಬಂದವನಿಗೆ ಒಲೆ ಹಚ್ಚೋಕೆ ಸಮಯವೂ ಇಲ್ಲ, ಜಾಗವೂ ಇಲ್ಲ. ಅವನಿಗೆ ಟೀ, ಬನ್ನೇ ತಿಂಡಿ. ಅಮೆರಿಕದ ಗೃಹಿಣಿಗೆ 1950ರಲ್ಲಿ ಫ್ರೋಜನ್ ಡಬ್ಬಿ ಕೊಟ್ಟಿದ್ದೂ ಸಮಯವನ್ನೇ ತಾನೇ?

ಹಾಗಂತ ನನಗೆ ಸಮಾಧಾನವೂ ಇಲ್ಲ. ಬೆಲೆ ಏರಿದಾಗ ಬಡ ಮನೆಯ ತಟ್ಟೆಯಿಂದ ಮೊದಲು ಹೋಗೋದು ಯಾವುದು? ಚೀನಾದ ಹುನಾನ್ ಪ್ರಾಂತ್ಯದಲ್ಲಿ ರಾಬರ್ಟ್ ಜೆನ್ಸನ್, ನೋಲನ್ ಮಿಲ್ಲರ್ ಅನ್ನೋ ಅರ್ಥಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿ 2008ರಲ್ಲಿ ಪ್ರಕಟಿಸಿದರು. ಬಡ ಕುಟುಂಬಗಳಿಗೆ ಅಕ್ಕಿ ಮೇಲೆ ರಿಯಾಯಿತಿ ಕೊಟ್ಟರು. ಅಕ್ಕಿ ಅಗ್ಗ ಆದಾಗ ಅವರು ಅಕ್ಕಿ ಕಮ್ಮಿ ತಿಂದರು! ರಿಯಾಯಿತಿ ತೆಗೆದು ಅಕ್ಕಿ ದುಬಾರಿ ಆದಾಗ ಹೆಚ್ಚು ತಿಂದರು. ಉಲ್ಟಾ ಅನ್ಸುತ್ತಲ್ವಾ? ಆದರೆ ಆ ಮನೆಯ ಅಡುಗೆಮನೆಯಲ್ಲಿ ನಿಂತು ಯೋಚಿಸಿ. ಅಕ್ಕಿ ದುಬಾರಿ ಆದಾಗ ಮಾಂಸ, ತರಕಾರಿಗೆ ದುಡ್ಡು ಉಳಿಯಲ್ಲ. ಹೊಟ್ಟೆ ತುಂಬಲೇಬೇಕು. ಹಾಗಾಗಿ ಅವನ್ನ ಬಿಟ್ಟು, ದುಬಾರಿಯಾದ ಅಕ್ಕಿಯನ್ನೇ ಇನ್ನೂ ಒಂದು ಹಿಡಿ ಹೆಚ್ಚು ಹಾಕ್ತಾರೆ.

ಶುರುವಿನಲ್ಲಿ ಹೇಳಿದ್ನಲ್ಲ, ದುಡ್ಡಿಲ್ಲದವನ ಹಸಿವು ಮಾರುಕಟ್ಟೆಗೆ ಕಾಣಲ್ಲ ಅಂತ. ಅದು ಹೀಗೆ ನಡೆಯುತ್ತೆ. ಆ ಮನೆಯಲ್ಲಿ ಹಣ್ಣಿನ ಬೇಡಿಕೆ ಸೊನ್ನೆ ಆಯ್ತು ಅಂತ ಅಂಕಿಅಂಶ ಹೇಳುತ್ತೆ. ಮಗುವಿಗೆ ಕಿತ್ತಳೆ ಬೇಡ ಅಂತ ಯಾರೂ ಹೇಳಿರಲ್ಲ. ಅಮೆರಿಕದವನು ಜ್ಯೂಸ್ ಬಿಟ್ಟಾಗ ಅವನ ಮುಂದೆ ಬದಲಿಯ ಗೋಡೆಯೇ ಇತ್ತು. ಇಲ್ಲಿ ಕೆಜಿ ಕಿತ್ತಳೆ ಕೈಗೆಟುಕದ ತಾಯಿಯ ಮುಂದೆ ಗೂಡಂಗಡಿಯಲ್ಲಿ ತೂಗುಹಾಕಿರೋ ಹತ್ತು ರೂಪಾಯಿ ಪ್ಯಾಕೆಟ್ ಇರುತ್ತೆ. ಅದರ ಮೇಲೆ ಹಣ್ಣಿನ ಚಿತ್ರ ಇರುತ್ತೆ. ಬೇಸಿಗೆಯಲ್ಲಿ ಎಳನೀರು ಕುಡಿಸೋಣ ಅಂದ್ರೆ ಬೆಂಗಳೂರಿನಲ್ಲಿ 2025ರಲ್ಲಿ ಅದೂ 60 ರೂಪಾಯಿ ದಾಟಿತು. ಆ ತಾಯಿ ಪ್ಯಾಕೆಟ್ ತೆಗೊಂಡ್ರೆ ಅದು ಅಜ್ಞಾನ ಅಲ್ಲ, ಅವಳ ಲೆಕ್ಕ ಸರಿಯಾಗೇ ಇದೆ.

ಮುಂದಿನ ಎಪಿಸೋಡ್‌ನಲ್ಲಿ ಎಳನೀರಿನ ಲೆಕ್ಕವನ್ನೇ ತಗೊಳ್ಳೋಣ, ಮದ್ದೂರಿನ ಮಾರುಕಟ್ಟೆಯಿಂದ ನಿಮ್ಮ ಗಲ್ಲಿಯ ಗಾಡಿ ತನಕ ಬೆಲೆ ಎಲ್ಲೆಲ್ಲಿ ಏರುತ್ತೆ ಅಂತ. ಅಷ್ಟರಲ್ಲಿ ಒಂದು ಕೆಲಸ ಮಾಡಿ. ನಿಮ್ಮೂರಲ್ಲಿ ಈ ವಾರ ಒಂದು ಕೆಜಿ ಕಿತ್ತಳೆ ಎಷ್ಟು, ಎಳನೀರು ಎಷ್ಟು, ಹತ್ತು ರೂಪಾಯಿ ಪ್ಯಾಕ್‌ನಲ್ಲಿ ಎಷ್ಟು ಮಿಲಿ, ಮೂರನ್ನೂ ಬರೆದು ವಾಯ್ಸ್ ನೋಟ್ ಕಳಿಸಿ. ಊರಿನ ಹೆಸರು ಹೇಳೋದು ಮರೀಬೇಡಿ.